ಗುಂಡಕ್ಕ ಎಂಬ ಅಕ್ಷರ

ನನ್ನ ದೊಡ್ಡಮ್ಮನ ಹೆಸರಿನಲ್ಲಿ ಒಂದು ಅಕ್ಷರದ ಮಾದರಿ ಇದೆ. ಅವಳ ತಾಯಿ ಇಟ್ಟ ಹೆಸರಲ್ಲ ಅದು, ಕೆಲಸದ ಜಾಗದಲ್ಲಿ ಅಂಟಿಸಿದ ಅಡ್ಡಹೆಸರು. ನಮ್ಮ ಊರಿನ ಬೇಕರಿ, ಆಟಿಕೆ ಅಂಗಡಿ, ಶಿಶುವಿಹಾರ, ಹಾಲಿನ ಡೈರಿ, ಐಸ್‌ಕ್ರೀಮ್ ಗಾಡಿ, ಎಲ್ಲವುಗಳ ನೆತ್ತಿಯ ಮೇಲೂ ದಪ್ಪಗೆ, ದುಂಡಗೆ, ಎಲ್ಲೂ ಒಂದು ಮೂಲೆಯಿಲ್ಲದೆ ಕೂತಿರುವ ಅಕ್ಷರಗಳಿಗೆ ಬೋರ್ಡ್ ಮಾಡುವವರು ಇಂದಿಗೂ ‘ಗುಂಡಕ್ಕ’ ಎನ್ನುತ್ತಾರೆ. ‘ಇದಕ್ಕೆ ಗುಂಡಕ್ಕ ಹಾಕಿಬಿಡಿ’ ಎಂದು ಗಿರಾಕಿಗಳೂ ಕೇಳುತ್ತಾರೆ. ಗುಂಡಕ್ಕ ಎನ್ನುವ ಹೆಂಗಸೊಬ್ಬಳು ಉಸಿರಾಡಿಕೊಂಡು ಇದ್ದಾಳೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿಯದು. ತಿಳಿದವರು ನಗುತ್ತಾರೆ.

ತಾತ ತೀರಿಹೋದ ವರ್ಷ ದೊಡ್ಡಮ್ಮನಿಗೆ ಹತ್ತೊಂಬತ್ತು, ಅವಳ ತಂಗಿ, ಅಂದರೆ ನನ್ನ ಅಮ್ಮನಿಗೆ ಹದಿನಾಲ್ಕು. ಮನೆಯಲ್ಲಿ ದುಡಿಯುವವರು ಬೇಕಾಗಿತ್ತು. ದೊಡ್ಡಮ್ಮ ಅಕ್ಷರದ ಕಾರ್ಖಾನೆಗೆ ಸೇರಿದಳು. ಎರಡು ಶೆಡ್ಡು, ಒಂದು ಆಫೀಸು ಕೋಣೆ. ಅಂಗಡಿಗಳ ಮುಂದೆ ನಿಲ್ಲಿಸುವ ಪ್ಲೈವುಡ್ಡಿನ ಅಕ್ಷರಗಳನ್ನು ಅಲ್ಲಿ ಮಾಡುತ್ತಿದ್ದರು. ಅಕ್ಷರ ಬರೆಯುವವರು ಒಬ್ಬರೇ, ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವರು ದಪ್ಪ ಕಾಗದದ ಮೇಲೆ ಪೂರ್ತಿ ಅಳತೆಯಲ್ಲಿ ಬರೆದದ್ದನ್ನು ಹಲಗೆಗೆ ಇಳಿಸಿ, ಗರಗಸದವನು ಕೊಯ್ದು ಕೊಡುತ್ತಿದ್ದ. ಕೊಯ್ದ ಅಂಚನ್ನು ಅರ ಹಾಕಿ, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ನುಣುಪು ಮಾಡಿ ಬಣ್ಣದವನ ಕೈಗೆ ಕೊಡುವುದು ದೊಡ್ಡಮ್ಮನ ಕೆಲಸ.

ಅವಳದು ದೊಡ್ಡ ಮೈ. ಚಿಕ್ಕಂದಿನಿಂದಲೂ ಹಾಗೆಯೇ. ಮೊದಲ ದಿನವೇ ಅವಳು ಕೂತ ಸ್ಟೂಲಿನ ಕಾಲು ಮುರಿಯಿತು. ಅವಳು ನೆಲದಲ್ಲಿ ಬಿದ್ದಿದ್ದಾಗ ಮೇಷ್ಟ್ರು ಕಿವಿಯ ಹಿಂದಿನ ಪೆನ್ಸಿಲನ್ನು ತೆಗೆದು, ಮುರಿದ ಕಾಲನ್ನು ಅದರ ತುದಿಯಿಂದ ತಟ್ಟಿ, “ಪಾಪ, ಸ್ಟೂಲಿಂದೇನೂ ತಪ್ಪಿಲ್ಲ” ಎಂದರು. ಸಂಜೆಯೊಳಗೆ ಅವಳು ಗುಂಡಕ್ಕ ಆಗಿದ್ದಳು. ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ಗರಗಸದವನೂ ಅಕ್ಕ ಎನ್ನತೊಡಗಿದ.

ಮೂರನೆಯ ತಿಂಗಳು. ಅವಳು ಬೆಂಚಿನ ಮೇಲೆ ಬಗ್ಗಿ ಉಜ್ಜುತ್ತಿದ್ದಳು. ಹಿಂದೆ ಕೂತಿದ್ದ ಮೇಷ್ಟ್ರು ರದ್ದಿ ಹಲಗೆಯೊಂದರ ಮೇಲೆ ಇಂಗ್ಲಿಷಿನ ಎಂಟರ ಅಂಕಿ ಬರೆದರು. ಮೇಲಿನ ಹೊಟ್ಟೆ ಸಣ್ಣದು, ಕೆಳಗಿನದು ದೊಡ್ಡದು, ಒಳಗಿನ ತೂತುಗಳು ಅಂಗಿಯ ಗುಂಡಿಯಷ್ಟೇ. ಅದನ್ನು ಎತ್ತಿ ಅವಳ ಬೆನ್ನಿನ ಪಕ್ಕ ಹಿಡಿದು ಗರಗಸದವನಿಗೆ ತೋರಿಸಿದರು. ಶೆಡ್ಡಿಗೆ ಶೆಡ್ಡೇ ಹೊಟ್ಟೆ ಹಿಡಿದುಕೊಂಡಿತು. ಅವಳು ತಿರುಗಿ ನೋಡಿದಾಗ ಹಲಗೆ ಇನ್ನೂ ಅವರ ಕೈಯಲ್ಲೇ ಇತ್ತು.

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಮೇಷ್ಟ್ರಿಗೆ ಆ ಎಂಟು ಇಷ್ಟವಾಗಿಬಿಟ್ಟಿತು. ಎರಡು ವಾರ ಬಿಡುವಾದಾಗಲೆಲ್ಲ ಕೂತು ಇಡೀ ವರ್ಣಮಾಲೆಯನ್ನೇ ಅದೇ ರೀತಿಯಲ್ಲಿ ಬರೆದರು. ಒಂದು ಅಕ್ಷರ ಅವಳು ಕೂತ ಹಾಗೆ, ಒಂದು ಬಗ್ಗಿದ ಹಾಗೆ, ಒಂದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ ಹಾಗೆ. ಪೂರ್ತಿ ಹಾಳೆಯನ್ನು ಶೆಡ್ಡಿನ ಗೋಡೆಗೆ ಹೊಡೆದು, ತಲೆಯ ಮೇಲೆ ಅದೇ ಅಕ್ಷರದಲ್ಲಿ ‘ಗುಂಡಕ್ಕ’ ಎಂದು ಬರೆದರು. ಎಲ್ಲರೂ ನಕ್ಕರು. ದೊಡ್ಡಮ್ಮನೂ ನಕ್ಕಳು.

“ನೀನ್ಯಾಕೆ ನಕ್ಕೆ?” ಎಂದು ನಾನು ಎಷ್ಟೋ ವರ್ಷಗಳ ಮೇಲೆ ಕೇಳಿದ್ದೆ.

“ಅತ್ತಿದ್ರೆ ವಾರ ಪೂರ್ತಿ ಅದೇ ಮಾತಾಗ್ತಿತ್ತು. ನಕ್ಕರೆ ಅರ್ಧ ದಿನಕ್ಕೆ ಮುಗಿಯುತ್ತೆ ಅಂದ್ಕೊಂಡೆ” ಎಂದಿದ್ದಳು.

ಅರ್ಧ ದಿನಕ್ಕೆ ಮುಗಿಯಲಿಲ್ಲ. ಮರುವಾರ ಯಜಮಾನರು ಬೇಕರಿಯವನೊಬ್ಬನನ್ನು ಶೆಡ್ಡಿಗೆ ಕರೆತಂದರು. ಅವನಿಗೆ ಕ್ಯಾಟಲಾಗಿನ ಯಾವ ಅಕ್ಷರವೂ ಹಿಡಿಸಿರಲಿಲ್ಲ. ಗೋಡೆಯ ಕಡೆ ನೋಡಿ, “ಇದು. ಇದನ್ನ ನೋಡಿದ್ರೆ ಹಸಿವಾಗುತ್ತೆ” ಎಂದ. ಯಜಮಾನರು ಮೇಷ್ಟ್ರ ಬೆನ್ನು ತಟ್ಟಿದರು. ಹದಿನೈದು ದಿನದಲ್ಲಿ ಬೇಕರಿಯ ಮೇಲೆ ಕೆನೆ ಬಣ್ಣದ ಅಕ್ಷರಗಳು ಎದ್ದು ನಿಂತವು, ಆಗತಾನೇ ಒಲೆಯಿಂದ ತೆಗೆದ ಬನ್ನುಗಳ ಹಾಗೆ. ಅದನ್ನು ನೋಡಿ ಆಟಿಕೆ ಅಂಗಡಿಯವನು ಬಂದ. ಆಮೇಲೆ ಸಾಲು ನಿಲ್ಲಲೇ ಇಲ್ಲ.

ಆ ಅಕ್ಷರದ ಗುಣ ಏನೆಂದು ನನಗೆ ಹೇಳಿಕೊಟ್ಟವಳು ದೊಡ್ಡಮ್ಮನೇ. ಅದಕ್ಕೆ ಎಲ್ಲೂ ಚೂಪಿಲ್ಲ, ಪ್ರತಿ ಗೆರೆಯೂ ಹೆಬ್ಬೆರಳಿನ ತುದಿಯ ಹಾಗೆ ಮುಗಿಯುತ್ತದೆ. ಒಂದಕ್ಕೊಂದು ಒತ್ತಿ ಕೂರಿಸಬೇಕು, ನಡುವೆ ಜಾಗ ಬಿಟ್ಟರೆ ಜಗಳವಾಡಿಕೊಂಡವರ ಹಾಗೆ ಕಾಣುತ್ತವೆ. ಎರಡು ಮೂರು ಪದಕ್ಕೆ ಅದು ರಾಜ, ಒಂದು ಸಾಲು ದಾಟಿದರೆ ಓದುವವನಿಗೆ ಉಸಿರು ಕಟ್ಟುತ್ತದೆ. ಸಣ್ಣದು ಮಾಡಿದರೆ ಒಳಗಿನ ತೂತುಗಳಲ್ಲಿ ಬಣ್ಣ ತುಂಬಿಕೊಂಡು ಕುರುಡಾಗುತ್ತದೆ. ಮುಖ್ಯವಾಗಿ, ಅದಕ್ಕೆ ಸಿಟ್ಟು ಬರುವುದಿಲ್ಲ. ಅದರಲ್ಲಿ ಬೈಗುಳ ಬರೆದರೂ ಮಗು ತೊದಲಿದ ಹಾಗಿರುತ್ತದೆ. ವಿದ್ಯುತ್ ಕಚೇರಿಯವರು ಒಮ್ಮೆ ಟ್ರಾನ್ಸ್‌ಫಾರ್ಮರಿನ ಬೇಲಿಗೆ ‘ಅಪಾಯ, ದೂರವಿರಿ’ ಎಂದು ಗುಂಡಕ್ಕನಲ್ಲಿ ಮಾಡಿಸಿದರು. ಮಕ್ಕಳು ಅಕ್ಷರಗಳ ಹೊಟ್ಟೆ ಸವರಲು ಬೇಲಿಯೊಳಗೆ ಕೈ ಹಾಕತೊಡಗಿದ್ದೇ ತಡ, ವಾರದೊಳಗೆ ಬೋರ್ಡು ವಾಪಸು ಬಂತು.

ಉಳಿದ ಅಕ್ಷರಗಳನ್ನು ಉಜ್ಜಲು ಅರ್ಧ ಗಂಟೆ ಸಾಕು. ಗುಂಡಕ್ಕನಿಗೆ ಎರಡು ಗಂಟೆ, ಏಕೆಂದರೆ ಅಂಚನ್ನೂ ದುಂಡು ಮಾಡಬೇಕು. ಊರಿನ ಜನ ಅದನ್ನು ಮೆಚ್ಚಿದಷ್ಟೂ ಅವಳ ಕೆಲಸ ಹೆಚ್ಚಿತು. ಮರದ ಪುಡಿ ಗಂಟಲಿಗೆ ಇಳಿದು ದನಿ ಒಡೆಯಿತು. ಬೆರಳಿನ ಗೆರೆಗಳು ಸವೆದು, ಒಮ್ಮೆ ಯಾವುದೋ ಅರ್ಜಿಗೆ ಹೆಬ್ಬೆಟ್ಟು ಒತ್ತಿದಾಗ ಬರೀ ಮಸಿಯ ಚುಕ್ಕೆ ಬಿತ್ತಂತೆ.

ಒಂದು ಬೋರ್ಡಿನ ಮಾತನ್ನು ಮಾತ್ರ ಅವಳು ಎಂದೂ ಪೂರ್ತಿ ಹೇಳಲಿಲ್ಲ, ತುಣುಕು ತುಣುಕಾಗಿ ನಾನೇ ಜೋಡಿಸಿಕೊಂಡದ್ದು. ಹೆಂಗಸೊಬ್ಬಳು ಐದು ವರ್ಷದ ಮಗನನ್ನು ಕಳೆದುಕೊಂಡಿದ್ದಳು. ಮಗುವಿಗೆ ಬೇಕರಿಯ ಬೋರ್ಡೆಂದರೆ ಪ್ರಾಣವಂತೆ, ಅದಕ್ಕೇ ಗೋರಿಯ ಮೇಲೆ ಅವನ ಹೆಸರು ಅದೇ ಅಕ್ಷರದಲ್ಲಿ ಬೇಕು ಎಂದಳು. ಮೇಷ್ಟ್ರು ಬರೆದುಕೊಟ್ಟರು, ದೊಡ್ಡಮ್ಮ ಮೂರು ದಿನ ಉಜ್ಜಿದಳು. ತಿಂಗಳಾಗುವುದರೊಳಗೆ ಆ ತಾಯಿ ಅದೇ ಅಕ್ಷರಗಳನ್ನು ಚೀಲದಲ್ಲಿ ಹೊತ್ತು ಬಂದಳು. “ತೆಗೆದ್ಕೊಳ್ಳಿ ಇದನ್ನ. ಈಗ ಯಾವ ಅಂಗಡಿ ಬೋರ್ಡು ನೋಡಿದ್ರೂ ನನ್ನ ಮಗನ ಗೋರಿ ಕಾಣುತ್ತೆ. ಬೀದೀಲಿ ಓಡಾಡೋಕಾಗ್ತಿಲ್ಲ” ಎಂದಳು. ಯಜಮಾನರು ಮಾರಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದರು. ಅವಳು ಚೀಲವನ್ನು ಬಾಗಿಲಲ್ಲೇ ಬಿಟ್ಟು ಹೋದಳು. ಮರುದಿನ ಗರಗಸದವನು ಆ ಅಕ್ಷರಗಳನ್ನು ಬೇರೆ ಯಾರದೋ ಹೆಸರಿಗೆ ಹೊಂದಿಸಿದ. ಎರಡು ಅಕ್ಷರ ಸರಿಹೋದವು.

ಇಪ್ಪತ್ತೆರಡಕ್ಕೆ ದೊಡ್ಡಮ್ಮನಿಗೆ ಒಂದು ಸಂಬಂಧ ಬಂತು. ಹುಡುಗ ಹಾಸಿಗೆ ದಿಂಬಿನ ವ್ಯಾಪಾರಕ್ಕೆ ಇಳಿಯುವವನಿದ್ದ. ಅವನು, ಅವನ ತಾಯಿ, ಅವನ ಸೋದರಮಾವ ಮನೆಗೆ ಬಂದರು. ದೊಡ್ಡಮ್ಮ ಟೀ ತಂದಿಟ್ಟು ಎದುರು ಕೂತಳು. ಹುಡುಗನ ತಾಯಿ ಅವಳನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಟೀ ಲೋಟ ಎತ್ತಿಕೊಂಡರು. ಮಾತಿಗೊಂದು ದಾರಿ ಬೇಕಲ್ಲ ಎಂದು ಸೋದರಮಾವ ಕೇಳಿದರು, “ಎಲ್ಲಮ್ಮಾ ಕೆಲಸ?”

“ಅಕ್ಷರದ ಕಾರ್ಖಾನೇಲಿ.”

“ಓ, ಗುಂಡಕ್ಕನ ಅಕ್ಷರ ಮಾಡ್ತಾರಲ್ಲ ಅಲ್ಲಾ? ನಮ್ಮ ಬೀದಿ ಬೇಕರಿ ಮೇಲೂ ಅದೇ ಇದೆ. ಯಾರಮ್ಮಾ ಆ ಗುಂಡಕ್ಕ ಅಂದ್ರೆ? ಮುದುಕೀನಾ?”

ಪಾಪ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆಗ ಒಳಬಾಗಿಲಲ್ಲಿ ನಿಂತಿದ್ದ ಹದಿನೇಳರ ತಂಗಿಗೆ ನಗು ತಡೆಯಲಾಗಲಿಲ್ಲ, ಕಿಸಕ್ಕನೆ ನಕ್ಕುಬಿಟ್ಟಳು. ಹುಡುಗ ತಲೆಯೆತ್ತಿ ಬಾಗಿಲ ಕಡೆ ನೋಡಿದ. ಆಮೇಲೆ ಟೀ ಮುಗಿಯುವವರೆಗೂ ಅವನು ಬೇರೆಲ್ಲೂ ನೋಡಲಿಲ್ಲ.

ವಾರದ ಮೇಲೆ ಅವರ ಕಡೆಯಿಂದ ಮಾತು ಬಂತು. ದೊಡ್ಡವಳು ಬೇಡ, ಚಿಕ್ಕವಳಾದರೆ ಒಂದು ವರ್ಷ ಕಾಯುತ್ತೇವೆ. ಅಜ್ಜಿ ದೊಡ್ಡ ಮಗಳ ಮುಂದೆ ಕೂತು, “ಒಬ್ಬಳದಾದ್ರೂ ಆಗ್ಲಿ ಬಿಡು. ನಿನ್ನನ್ನ ಕೇಳೋರಂತೂ ಇಲ್ಲ” ಎಂದಳು. ದೊಡ್ಡಮ್ಮ ಆಗಲಿ ಎಂದಳು. ಮದುವೆಗೆ ಬಟ್ಟೆ ತಂದವಳು ಅವಳೇ, ಊಟಕ್ಕೆ ನಿಂತವಳೂ ಅವಳೇ. ಆ ಹುಡುಗ ನನ್ನ ಅಪ್ಪ. ಬಾಗಿಲಲ್ಲಿ ನಕ್ಕವಳು ನನ್ನ ಅಮ್ಮ. ಈ ಕಥೆಯನ್ನು ಹೇಳುವಾಗ ಇಲ್ಲಿಗೆ ಬಂದರೆ ನನ್ನ ನಾಲಿಗೆ ಸ್ವಲ್ಪ ತಡವರಿಸುತ್ತದೆ.

ಅಪ್ಪ ದೊಡ್ಡ ರಸ್ತೆಯಲ್ಲಿ ಹಾಸಿಗೆ ಅಂಗಡಿ ಹಾಕಿದಾಗ ನನಗೆ ಆರು ವರ್ಷ. ಬೋರ್ಡಿಗೆ ಗುಂಡಕ್ಕನೇ ಬೇಕೆಂದು ಹಟ ಹಿಡಿದರು. ಮೆತ್ತನೆಯ ಸಾಮಾನಿಗೆ ಮೆತ್ತನೆಯ ಅಕ್ಷರ, ವ್ಯಾಪಾರದ ಲೆಕ್ಕದಲ್ಲಿ ಅವರದು ತಪ್ಪಲ್ಲ. ಅಂಗಡಿ ತೆರೆದ ದಿನ ನೆಂಟರು, ಬೀದಿಯವರು ಎಲ್ಲ ನೆರೆದಿದ್ದರು. ಬೋರ್ಡಿನ ಮುಸುಕು ತೆಗೆದರು. ಅಪ್ಪ ಎಲ್ಲರಿಗೂ ಕೇಳುವ ಹಾಗೆ, “ಅಕ್ಕಾ, ನಿಮ್ಮ ಅಕ್ಷರ ನೋಡಿದ್ರೇನೇ ಮಲಗೋಣ ಅನ್ಸುತ್ತೆ ನೋಡಿ” ಎಂದರು. ಗಂಡಸರು ಮೀಸೆಯಡಿ ನಕ್ಕರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನಗೆ ಅರ್ಥವಾಗದಿದ್ದರೂ ಎಲ್ಲರೂ ನಗುತ್ತಿದ್ದಾರಲ್ಲ ಎಂದು ನಾನೂ ನಕ್ಕು, ‘ಗುಂಡಕ್ಕ, ಗುಂಡಕ್ಕ’ ಎಂದು ಕುಣಿದೆ. ದೊಡ್ಡಮ್ಮ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದೊಯ್ದು, ಬಿಚ್ಚಿಹೋಗಿದ್ದ ನನ್ನ ಚಪ್ಪಲಿಯ ಪಟ್ಟಿ ಹಾಕಿದಳು.

ಹೀಗೆ ಹತ್ತೊಂಬತ್ತು ವರ್ಷ ಅವಳು ಉಜ್ಜಿದಳು. ಅಷ್ಟರಲ್ಲಿ ಮೇಷ್ಟ್ರ ಕಣ್ಣು ಮಂಜಾಗುತ್ತ ಬಂತು. ಡಾಕ್ಟರು ನರ ಒಣಗುತ್ತಿದೆ, ಮಾಡುವಂಥದ್ದೇನೂ ಇಲ್ಲ ಎಂದಿದ್ದರು. ಅದನ್ನು ಮೇಷ್ಟ್ರು ಯಜಮಾನರಿಂದ ಮುಚ್ಚಿಟ್ಟರು, ಆದರೆ ದೊಡ್ಡಮ್ಮನಿಂದ ಮುಚ್ಚಿಡುವಂತಿರಲಿಲ್ಲ. ಅವರ ಕೈ ಹಳೆಯ ಅಭ್ಯಾಸದಲ್ಲಿ ಇನ್ನೂ ಸುತ್ತುತ್ತಿತ್ತು, ಸುತ್ತಿದ್ದು ಸರಿಯೋ ತಪ್ಪೋ ಕಾಣುತ್ತಿರಲಿಲ್ಲ. ಒಂದು ಮಧ್ಯಾಹ್ನ ಉಳಿದವರು ಊಟಕ್ಕೆ ಹೋದಾಗ ಅವರು ಅವಳ ಬೆಂಚಿಗೆ ಬಂದು ಹಾಳೆ ಇಟ್ಟರು.

“ನಿನ್ನ ಬೆರಳಿಗೆ ಗೊತ್ತಾಗುತ್ತೆ. ಗೆರೆ ಮೇಲೆ ಬೆರಳಾಡ್ಸಿ ಎಲ್ಲಿ ತಪ್ಪಿದೆ ಹೇಳು.”

ಅವಳು ಹೇಳಿದಳು. ಅವರು ತಿದ್ದಿದರು. ಅಂದಿನಿಂದ ಎರಡು ವರ್ಷ ಮೇಷ್ಟ್ರ ಪ್ರತಿ ಹಾಳೆಯೂ ಯಜಮಾನರ ಮೇಜಿಗೆ ಹೋಗುವ ಮುಂಚೆ ಅವಳ ಬೆರಳಿನ ಕೆಳಗೆ ಹಾದುಹೋಯಿತು. ಎಲ್ಲಿ ಹೊಟ್ಟೆ ಒಡೆದಿದೆ, ಎಲ್ಲಿ ಬಾಲ ಸೊರಗಿದೆ, ಯಾವುದು ಸಾಲಿನಿಂದ ಕೆಳಗಿಳಿದಿದೆ ಎಂದು ಅವಳು ಪಿಸುಗುಡುವುದು, ಅವರು ಕಿವಿಗೊಟ್ಟು ತಿದ್ದುವುದು. ಅವರ ದನಿ ಮೆತ್ತಗಾಯಿತು. ಅವಳಿಗಾಗಿ ಟೀ ತರಿಸತೊಡಗಿದರು. ಸಲಿಗೆ ಬೆಳೆಯಿತು ಎಂದು ಅವಳು ನಂಬಿದಳು. ಆ ಧೈರ್ಯದ ಮೇಲೆ ಒಂದು ದಿನ ಕೇಳಿಯೇಬಿಟ್ಟಳು.

“ಮೇಷ್ಟ್ರೇ, ಆ ಅಕ್ಷರದ ಹೆಸರು ಬದಲಾಯ್ಸೋಕಾಗಲ್ವಾ? ಯಜಮಾನ್ರಿಗೆ ನೀವೊಂದು ಮಾತು ಹೇಳಿದ್ರೆ ಆಗುತ್ತೆ.”

“ಯಾಕೆ? ಏನಾಗಿದೆ ಅದಕ್ಕೆ?”

“ನಂಗೆ ಇಷ್ಟ ಇಲ್ಲ.”

ಮೇಷ್ಟ್ರು ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡರು. “ನೋಡು, ನಿಂಗೆ ಗಂಡ ಇಲ್ಲ, ಮಕ್ಕಳಿಲ್ಲ. ಆ ಹೆಸರು ತೆಗೆದ್ರೆ ನಿನ್ನನ್ನ ಯಾರು ನೆನಪಿಟ್ಕೋತಾರೆ? ಏನೋ ನನ್ನಿಂದಾಗಿ ಊರಲ್ಲಿ ಒಂದು ಹೆಸರಾಯ್ತು. ಇನ್ನೇನು ಬೇಕು ನಿಂಗೆ?”

ಕೊಂಕಿನಿಂದ ಆಡಿದ ಮಾತಲ್ಲ. ಅವಳಿಗೊಂದು ಉಪಕಾರ ಮಾಡಿದ್ದೇನೆ ಎಂದೇ ಅವರು ಇಷ್ಟು ವರ್ಷ ತಿಳಿದಿದ್ದರು. “ಬೈದಿದ್ರೆ ಸಹಿಸ್ಕೋತಿದ್ದೆ” ಎಂದಳು ದೊಡ್ಡಮ್ಮ ನನ್ನೊಡನೆ. “ಸ್ಟೂಲು ಮುರಿದಾಗ ನಕ್ಕಿದ್ದನ್ನೂ ಸಹಿಸ್ಕೊಂಡಿದ್ದೆ. ಅವತ್ತು ಆಗ್ಲಿಲ್ಲ.”

ಆ ತಿಂಗಳೇ ಮಕ್ಕಳ ಆಸ್ಪತ್ರೆಯೊಂದರ ಕೆಲಸ ಬಂತು. ಆಳೆತ್ತರದ ಅಕ್ಷರಗಳು, ನಾಲ್ಕನೆಯ ಮಹಡಿಯ ಮೇಲೆ ನಿಲ್ಲುವಂಥವು. ಮೇಷ್ಟ್ರು ಎಂಟು ದಿನ ನೆಲದ ಮೇಲೆ ಮಂಡಿಯೂರಿ ಹಾಳೆಗಳನ್ನು ಬರೆದರು. ದೊಡ್ಡಮ್ಮ ಒಂದೊಂದರ ಮೇಲೂ ಬೆರಳಾಡಿಸಿದಳು. ಮೂರನೆಯ ಅಕ್ಷರದ ಎಡಗಡೆ ಒಂದು ಉಬ್ಬಿತ್ತು. ಏಳನೆಯದು ಸಾಲಿನಿಂದ ನಾಲ್ಕು ಬೆರಳು ಕೆಳಗೆ ಕೂತಿತ್ತು.

“ಹೇಗಿದೆ?” ಎಂದರು ಮೇಷ್ಟ್ರು.

“ಸರಿ ಇದೆ ಮೇಷ್ಟ್ರೇ. ಇಷ್ಟು ಚೆನ್ನಾಗಿ ನೀವು ಯಾವತ್ತೂ ಬರೆದಿಲ್ಲ.”

ಗರಗಸದವನು ಹಾಳೆಯಲ್ಲಿದ್ದಂತೆ ತುಂಡು ತುಂಡಾಗಿ ಕೊಯ್ದ. ತುಂಡುಗಳಲ್ಲಿ ನೋಡುವವನಿಗೆ ಏನೂ ತಿಳಿಯುವುದಿಲ್ಲ. ಆ ಉಬ್ಬನ್ನು ದೊಡ್ಡಮ್ಮ ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಉಜ್ಜಿದಳು, ಕನ್ನಡಿಯ ಹಾಗೆ ಹೊಳೆಯುವವರೆಗೆ.

ಅಕ್ಷರಗಳು ಮೇಲೇರಿದ ದಿನ ಆಸ್ಪತ್ರೆಯಿಂದ ಫೋನು ಬಂತು. ಯಜಮಾನರು ಹೋಗಿ ರಸ್ತೆಯಾಚೆ ನಿಂತು ನೋಡಿದರು. ಮೂರನೆಯ ಅಕ್ಷರ ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡವರ ಹಾಗಿತ್ತು. ಏಳನೆಯದು ಜಾರಿ ಬೀಳುವ ಹಾಗಿತ್ತು. ಕೆಳಗೆ ಮಕ್ಕಳನ್ನು ಎತ್ತಿಕೊಂಡ ಜನ ಮೇಲೆ ಕೈ ತೋರಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಹನ್ನೊಂದರ ಟೀ ಹೊತ್ತಿಗೆ ಯಜಮಾನರು ಶೆಡ್ಡಿಗೆ ಬಂದರು. ಕೈಯಲ್ಲಿ ಹೊಸ ಹಾಳೆಯೊಂದಿತ್ತು.

“ಮೇಷ್ಟ್ರೇ, ಇನ್ನೊಬ್ಬ ಆರ್ಟಿಸ್ಟು ಸ್ಯಾಂಪಲ್ ಬರೆದು ಕಳ್ಸಿದ್ದಾನೆ. ಸ್ವಲ್ಪ ನೋಡಿ ಹೇಳಿ.”

ಮೇಷ್ಟ್ರು ಹಾಳೆ ತೆಗೆದುಕೊಂಡು ಕಿಟಕಿಯ ಬಳಿ ಹೋದರು. ಬೆಳಕಿಗೆ ಹಿಡಿದರು, ಓರೆ ಮಾಡಿದರು, ತೋಳುದ್ದ ದೂರ ಇಟ್ಟು ತಲೆ ವಾಲಿಸಿದರು. “ಹೊಟ್ಟೆ ಸ್ವಲ್ಪ ಕಮ್ಮಿಯಾಯ್ತು. ಬಾಲ ಇನ್ನೂ ದಪ್ಪ ಇರ್ಬೇಕಿತ್ತು. ಆದ್ರೆ ಕೈ ಪಳಗಿದೆ, ಪರವಾಗಿಲ್ಲ” ಎಂದರು.

ಗರಗಸದವನ ಮೂಗಿನಿಂದ ಟೀ ಹೊರಬಂತು.

“ಇನ್ನೊಂದ್ಸಲ ನೋಡಿ ಮೇಷ್ಟ್ರೇ” ಎಂದರು ಯಜಮಾನರು.

ಮೇಷ್ಟ್ರ ಬೆರಳು ನಿಧಾನವಾಗಿ ಹಾಳೆಯ ಮೇಲೆ ಚಲಿಸಿತು, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ. ಮುಖದ ಬಣ್ಣ ಇಳಿಯಿತು. ಅವರು ದೊಡ್ಡಮ್ಮ ಕೂರುವ ಮೂಲೆಯ ಕಡೆ ತಿರುಗಿ ಹಾಳೆ ಚಾಚಿದರು.

“ನೀನು ಹೇಳು. ಏನಿದೆ ಇದ್ರಲ್ಲಿ?”

ಇಪ್ಪತ್ತೊಂದು ವರ್ಷ ಜೊತೆಗೆ ಕೆಲಸ ಮಾಡಿದವರು. ಸಾಕು ಬಿಡಿ ಯಜಮಾನ್ರೇ ಎನ್ನಬಹುದಿತ್ತು. ಸುಮ್ಮನೆ ಎದ್ದು ಹೊರಗೆ ಹೋಗಬಹುದಿತ್ತು.

“ಏನೂ ಇಲ್ಲ ಮೇಷ್ಟ್ರೇ” ಎಂದಳು ದೊಡ್ಡಮ್ಮ. “ಬಿಳೀ ಹಾಳೆ.”

ಶೆಡ್ಡು ನಗೆಯಲ್ಲಿ ಮುಳುಗಿತು. ದೊಡ್ಡಮ್ಮನೂ ನಕ್ಕಳು. ಈ ಸಲ ನಗು ತಾನಾಗಿ ಬಂತಂತೆ, ಹೊಟ್ಟೆಯ ಆಳದಿಂದ, ನಿಲ್ಲಿಸಲು ಬೆಂಚು ಹಿಡಿದುಕೊಳ್ಳಬೇಕಾಯಿತಂತೆ.

ಮೇಷ್ಟ್ರನ್ನು ಮಧ್ಯಾಹ್ನವೇ ಕಳಿಸಿದರು. ಗೇಟಿನ ತನಕ ಗೋಡೆ ತಡವಿಕೊಂಡು ಹೋದರು. ಬಿಟ್ಟುಹೋದ ಅವರ ಕನ್ನಡಕವನ್ನು ಗರಗಸದವನು ಮೂಗಿಗೇರಿಸಿಕೊಂಡು ಒಂದು ವಾರ ಎಲ್ಲರನ್ನೂ ನಗಿಸಿದ.

ಅಕ್ಷರ ಬರೆಯುವ ಕೆಲಸ ದೊಡ್ಡಮ್ಮನಿಗೆ ಬಂತು. ಆ ಅಕ್ಷರದ ಒಂದೊಂದು ತಿರುವೂ ಅವಳ ಕೈಯಲ್ಲಿತ್ತು, ಬರೆಯಲು ಕಷ್ಟವಾಗಲಿಲ್ಲ. ಆದರೆ ಅವಳನ್ನು ಯಾರೂ ಮೇಷ್ಟ್ರು ಎನ್ನಲಿಲ್ಲ, ಬರೆಯುತ್ತಿದ್ದವಳೂ ಗುಂಡಕ್ಕನೇ. ಉಜ್ಜುವುದಕ್ಕೆ ಬೇರೆಯವರನ್ನೂ ತೆಗೆದುಕೊಳ್ಳಲಿಲ್ಲ, ಎರಡನ್ನೂ ಅವಳೇ ಮಾಡಿದಳು. ಮೂರು ವರ್ಷ ಕಳೆಯುವಷ್ಟರಲ್ಲಿ ಸಕ್ಕರೆ ಕಾಯಿಲೆ ಬಂತು. ಮೈ ಕರಗಿತು. ನೋಡನೋಡುತ್ತ ಅರ್ಧವಾದಳು, ಕೊನೆಗೆ ಮೂಳೆಯ ಮೇಲೆ ಚರ್ಮ ಉಳಿಯಿತು. ಇಷ್ಟು ವರ್ಷ ಆಡಿಕೊಂಡವರೇ ಈಗ ಲೊಚಗುಟ್ಟಿದರು. “ಮೊದ್ಲು ಎಷ್ಟು ಲಕ್ಷಣವಾಗಿದ್ರಿ” ಎಂದು ಬಣ್ಣದವನು ಅಂದಾಗ ಅವಳು ಅವನ ಮುಖವನ್ನೇ ನೋಡುತ್ತ ನಿಂತುಬಿಟ್ಟಳಂತೆ.

ಆ ಹೊತ್ತಿಗೆ ಯಜಮಾನರು ಅಕ್ಷರ ಕೊಯ್ಯುವ ಕಂಪ್ಯೂಟರ್ ಮಿಷನ್ನು ತಂದರು. ಅದನ್ನು ನಡೆಸುವವನು ಅವಳ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಳಗೆ ತುಂಬಿಸಿದ. ಪಟ್ಟಿಯಲ್ಲಿ ‘ಗುಂಡಕ್ಕ’ ಎಂದು ಹೆಸರು ಹಾಕುವಾಗ ಅವಳನ್ನು ಕೇಳುವ ಗೋಜಿಗೂ ಹೋಗಲಿಲ್ಲ. ಆಮೇಲೆ ಗೆರೆಗಳನ್ನು ಕಿರಿದು ಮಾಡಿ ಇನ್ನೊಂದು ಮಾದರಿ ತಯಾರಿಸಿ ಅವಳನ್ನು ಪರದೆಯ ಮುಂದೆ ಕರೆದ. ಅದಕ್ಕೆ ‘ಗುಂಡಕ್ಕ ತೆಳು’ ಎಂದು ಹೆಸರಿಟ್ಟಿದ್ದ. “ನೀವೀಗ ಈ ಸೈಜು” ಎಂದ.

ಅದೇ ವಾರ ಅವಳು ನನ್ನನ್ನು ಕರೆದಳು. ನನಗೆ ಆಗ ಇಪ್ಪತ್ತು. “ಮೇಷ್ಟ್ರ ಮನೆಗೆ ಹೋಗ್ಬೇಕು. ಒಬ್ಬಳಿಗೇ ಬಸ್ ಹತ್ತೋಕಾಗಲ್ಲ, ಬರ್ತೀಯಾ?” ಆಸ್ಪತ್ರೆಯ ಬೋರ್ಡಿನ ವಿಷಯ ಅವಳು ನನಗೆ ಹೇಳಿದ್ದು ಅಂದಿನ ಬಸ್ಸಿನಲ್ಲಿ. ಅದನ್ನು ಅವರಿಗೂ ಹೇಳಿಬಿಡಬೇಕು ಎಂದಳು. ಕ್ಷಮೆ ಕೇಳುತ್ತೀಯಾ ಎಂದೆ. “ಇಲ್ಲ. ಅವರಿಗೆ ಗೊತ್ತಾಗ್ಬೇಕು, ಅಷ್ಟೇ” ಎಂದಳು.

ಮೇಷ್ಟ್ರು ಮಗನ ಮನೆಯಲ್ಲಿದ್ದರು. ಎರಡೇ ಕೋಣೆ. ಹೊರಗಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು, ಕಣ್ಣು ಪೂರ್ತಿ ಹೋಗಿತ್ತು. ಸೊಸೆ ನಮ್ಮನ್ನು ಕೂರಿಸಿ ನೀರು ತರಲು ಒಳಗೆ ಹೋದಳು.

“ಯಾರು ಬಂದಿದ್ದು?”

“ನಾನು ಮೇಷ್ಟ್ರೇ. ಗುಂಡಕ್ಕ.”

ತನ್ನನ್ನು ತಾನು ಆ ಹೆಸರಿನಿಂದ ಕರೆದುಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮೇಷ್ಟ್ರು ಕೈ ಚಾಚಿದರು. ಅವಳು ತನ್ನ ಕೈ ಇಟ್ಟಳು. ಅವರು ಮಣಿಕಟ್ಟನ್ನು ಹಿಡಿದು, ಮುಂಗೈಯ ಮೂಳೆಯನ್ನು ಮೇಲಿನವರೆಗೆ ತಡವಿ, ಥಟ್ಟನೆ ಬಿಟ್ಟುಬಿಟ್ಟರು.

“ಇದು ಗುಂಡಕ್ಕನ ಕೈಯಾ? ದನಿಯೂ ಅಲ್ಲ. ಕಾರ್ಖಾನೆಯೋರು ತಾನೆ ನೀವು? ಮುಂಚೆನೂ ಬಂದಿದ್ರಿ, ಕೈಗೆ ಹಾಳೆ ಕೊಟ್ಟು ಹೇಗಿದೆ ಹೇಳಿ ಅಂತ ಕೂತಿದ್ರಿ. ಇನ್ನೂ ಸಾಕಾಗಿಲ್ವಾ ನಿಮ್ಗೆ?”

“ನಾನೇ ಮೇಷ್ಟ್ರೇ, ಕಾಯಿಲೆಯಾಗಿ ಇಳಿದುಹೋಗಿದೀನಿ, ದನಿಯೂ ಬದಲಾಗಿದೆ” ಎಂದಳು. ಅವರು ಮುಖ ಆಚೆ ತಿರುಗಿಸಿಕೊಂಡರು.

ದೊಡ್ಡಮ್ಮ ಬೇರೆಯವರ ಮಾತನ್ನು ಹೇಳುವವಳ ಹಾಗೆ ಶುರು ಮಾಡಿದಳು. “ಆಯ್ತು, ನಾನು ಅವಳಲ್ಲ ಅಂತಾನೇ ಇಟ್ಕೊಳ್ಳಿ. ಆದ್ರೆ ಆ ಆಸ್ಪತ್ರೆ ಬೋರ್ಡಿದೆಯಲ್ಲ, ಅದು ತಪ್ಪಾಗಿದೆ ಅಂತ ಗುಂಡಕ್ಕನಿಗೆ ಗೊತ್ತಿತ್ತು. ಬೇಕಂತಲೇ ಸರಿ ಇದೆ ಅಂದ್ಲು.”

ಮೇಷ್ಟ್ರು ನಕ್ಕರು. ಬಹಳ ದಿನದ ಮೇಲೆ ನಕ್ಕವರ ಹಾಗೆ ಕೆಮ್ಮು ಬರುವಷ್ಟು ನಕ್ಕರು.

“ಅವಳಾ? ಅವಳಿಗೆ ಅಷ್ಟು ತಲೆ ಎಲ್ಲಿಂದ ಬರ್ಬೇಕು? ಉಜ್ಜೋ ಹೆಂಗಸು. ಕೂದಲೆಳೆ ಓರೆಯಿದ್ರೂ ಬಾಯಿ ಬಿಡೋಳು. ನಂಗೋಸ್ಕರ ಜೀವ ಕೊಡ್ತಿದ್ಲು. ಅವತ್ತು ತಪ್ಪಿದ್ದು ನನ್ನ ಕೈಯೇ, ಅವಳ ಬೆರಳಿಗೂ ಸಿಗದ ಹಾಗೆ ತಪ್ಪಿತ್ತು. ನನ್ನ ಕೈ ನಂಗೆ ಗೊತ್ತಿಲ್ವಾ?”

ನಾನು ಬಾಯಿ ತೆರೆದೆ. ದೊಡ್ಡಮ್ಮ ನನ್ನ ತೊಡೆಯ ಮೇಲೆ ಕೈಯೊತ್ತಿದಳು. ಸೊಸೆ ನೀರು ತಂದಿಟ್ಟಳು. ದೊಡ್ಡಮ್ಮ ಪೂರ್ತಿ ಲೋಟ ಕುಡಿದು, ಲೋಟವನ್ನು ನೆಲದಲ್ಲಿಟ್ಟು ಎದ್ದಳು. ಬರುತ್ತೇನೆ ಎನ್ನಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತವಳು ನಮ್ಮ ನಿಲ್ದಾಣ ಬಂದಾಗಲೇ ಎದ್ದಳು.

ಮೇಷ್ಟ್ರು ಮುಂದಿನ ವರ್ಷ ತೀರಿಕೊಂಡರು. ಸುದ್ದಿ ಹೇಳಿದಾಗ ದೊಡ್ಡಮ್ಮ ಒಗೆದ ಬಟ್ಟೆ ಮಡಚುತ್ತಿದ್ದಳು. ಸರಿ ಎಂದಳು, ಮಡಚುವುದನ್ನು ಮುಂದುವರಿಸಿದಳು. ಮರದ ಕೆಲಸ ನಿಂತ ಮೇಲೆ ಕಾರ್ಖಾನೆಯಲ್ಲಿ ಅವಳಿಗೆ ಜಾಗವಿರಲಿಲ್ಲ. ಈಗ ನನ್ನ ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿದ್ದಾಳೆ. ಬೆಳಿಗ್ಗೆ ಸಂಜೆ ಇಂಜೆಕ್ಷನ್ನು ನಾನೇ ಚುಚ್ಚುತ್ತೇನೆ, ಚುಚ್ಚುವಾಗ ಅವಳು ಗೋಡೆ ನೋಡುತ್ತಾಳೆ.

ಭಾನುವಾರಗಳಂದು ಕೆಲವೊಮ್ಮೆ ಅಮ್ಮ ಬರುತ್ತಾಳೆ, ಏನಾದರೂ ಹಣ್ಣು ಹಿಡಿದುಕೊಂಡು. ಅವಳಿಗೂ ಈಗ ಮೈ ಬಂದಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿದ ಕೂಡಲೇ ಒಳಕೋಣೆಯಿಂದ ದೊಡ್ಡಮ್ಮನ ಒಡಕು ದನಿ, ಅಕ್ಕಪಕ್ಕದ ಮನೆಗೂ ಕೇಳಿಸುವಷ್ಟು ಜೋರಾಗಿ ಬರುತ್ತದೆ.

“ನಾನು ಮನೇಲಿಲ್ಲ ಅಂತ ಹೇಳು.”

ಅಮ್ಮ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು ಕುರ್ಚಿಯ ತುದಿಯಲ್ಲಿ ಕೂರುತ್ತಾಳೆ. ಹತ್ತು ನಿಮಿಷ ನನ್ನ ಕೆಲಸದ ಬಗ್ಗೆ, ಅಪ್ಪನ ಮಂಡಿನೋವಿನ ಬಗ್ಗೆ ಮಾತಾಡುತ್ತಾಳೆ. ಆಮೇಲೆ, “ಬಂದಿದ್ದೆ ಅಂತ ಹೇಳು ಅವಳಿಗೆ” ಎಂದು ಎದ್ದು ಹೋಗುತ್ತಾಳೆ.